ಹಳದಿ ಪಿನ್ನಿನ ಗೇಮು, 55 ಇಂಚಿನ ಟಿವಿ: ನಡುವೆ ಯಾವ ಪೆಟ್ಟಿಗೆ?

ಪ್ರಶ್ನೆ: ಅಟ್ಟ ಗುಡಿಸುವಾಗ ಎರಡು ಹಳೇ ಸಾಮಾನು ಸಿಕ್ಕವು. ಒಂದು, ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪ ಕೊಡಿಸಿದ್ದ ಕ್ಯಾಸೆಟ್ ಹಾಕುವ ಟಿವಿ ವಿಡಿಯೊ ಗೇಮ್. ಇನ್ನೊಂದು, ಕೆಲಸಕ್ಕೆ ಸೇರಿದ ಹೊಸತರಲ್ಲಿ ಕೊಂಡ ಪಿಎಸ್2, ಅಂದರೆ ಪ್ಲೇಸ್ಟೇಷನ್ 2. ಎರಡೂ ಆನ್ ಆಗುತ್ತವೆ. ಮನೆಯಲ್ಲಿರುವುದು 55 ಇಂಚಿನ 4ಕೆ ಟಿವಿ. ಅದರಲ್ಲಿ ಹಳದಿ-ಕೆಂಪು-ಬಿಳಿ ತೂತುಗಳೇ ಇಲ್ಲ. ಎವಿ ಟು ಎಚ್‌ಡಿಎಂಐ ಅನ್ನುವ ಚಿಕ್ಕ ಪೆಟ್ಟಿಗೆ ತರಿಸಿ ಹಾಕಿದೆ. ಚಿತ್ರವೇನೋ ಬಂತು, ಆದರೆ ಮಸುಕು ಮಸುಕು. ಮಾರಿಯೊ ದಪ್ಪಗಾಗಿದ್ದಾನೆ. ಬಟನ್ ಒತ್ತಿ ಸ್ವಲ್ಪ ಹೊತ್ತಾದ ಮೇಲೆ ಹಾರುತ್ತಾನೆ. ಬಾತುಕೋಳಿ ಹೊಡೆಯುವ ಗನ್ ಅಂತೂ ಕೆಲಸವೇ ಮಾಡುತ್ತಿಲ್ಲ. ‘ಅಪ್‌ಸ್ಕೇಲರ್ ತಗೋ’ ಎನ್ನುತ್ತಾನೆ ಗೆಳೆಯ, ಹಳೇ ಗೇಮಿನ ಚಿತ್ರವನ್ನು ಹೊಸ ಟಿವಿಗೆ ತಕ್ಕಂತೆ ದೊಡ್ಡದು ಮಾಡುವ ಪೆಟ್ಟಿಗೆಯಂತೆ. ಬೆಲೆ ನೋಡಿದರೆ ತಲೆ ತಿರುಗುತ್ತದೆ. ಯಾವುದು ತೆಗೆದುಕೊಳ್ಳಲಿ?

ಉತ್ತರ: ಇವತ್ತೇ ಏನೂ ಕೊಳ್ಳಬೇಡಿ. ಮೊದಲು ಟಿವಿಯ ಹಿಂದೆ ಟಾರ್ಚ್ ಬಿಟ್ಟು ನೋಡಿ. ಈಗಿನ ಎಷ್ಟೋ ಟಿವಿಗಳಲ್ಲಿ ಮೂರು ಬಣ್ಣದ ತೂತು ಇರುವುದಿಲ್ಲ, ಅದರ ಬದಲು ಇಯರ್‌ಫೋನ್ ತೂತಿನ ಹಾಗಿರುವ ಒಂದೇ ಒಂದು ತೂತು ಇರುತ್ತದೆ. ಪಕ್ಕದಲ್ಲಿ ‘ಎವಿ ಇನ್’ ಎಂದು ಬರೆದಿರುತ್ತದೆ. ಅದಕ್ಕೊಂದು ಗಿಡ್ಡ ವೈರ್ ಬರುತ್ತದೆ: ಒಂದು ತುದಿಯಲ್ಲಿ 3.5 ಮಿ.ಮೀ. ಪಿನ್, ಇನ್ನೊಂದು ತುದಿಯಲ್ಲಿ ಮೂರು ಬಣ್ಣದ ಬಾಯಿ. ಟಿವಿ ಡಬ್ಬದ ಜೊತೆಗೇ ಬಂದಿದ್ದು ಎಲ್ಲೋ ಬಿದ್ದಿರಬಹುದು, ಹುಡುಕಿ. ಹೊಸದು ಕೊಂಡರೆ ಒಂದು ಮಾತು ನೆನಪಿರಲಿ. ಈ ಪಿನ್ನಿನೊಳಗೆ ಯಾವ ಪಟ್ಟಿಗೆ ಯಾವ ಬಣ್ಣ ಎಂಬುದು ಎಲ್ಲ ಕಂಪನಿಗಳಲ್ಲೂ ಒಂದೇ ಥರ ಇರುವುದಿಲ್ಲ. ಚಿತ್ರ ಬಾರದಿದ್ದರೆ ಗೇಮಿನ ಹಳದಿ ಪಿನ್ನನ್ನು ಕೆಂಪು ಬಾಯಿಗೋ ಬಿಳಿ ಬಾಯಿಗೋ ಹಾಕಿ ನೋಡಿ. ಸುಟ್ಟುಹೋಗುವುದಿಲ್ಲ, ಹೆದರಬೇಡಿ.

ಈ ದಾರಿಯಲ್ಲಿ ಚಿತ್ರ ಬಂದರೆ ನೀವು ತರಿಸಿದ ಪೆಟ್ಟಿಗೆಯನ್ನು ಬದಿಗಿಡಬಹುದು. ಆದರೂ ಪೂರ್ತಿ ಸಮಾಧಾನ ಆಗಲಿಕ್ಕಿಲ್ಲ. ಯಾಕೆಂದರೆ ನಿಮ್ಮ ಎರಡು ಗೇಮುಗಳಿಗೆ ಇರುವುದು ಎರಡು ಬೇರೆ ಬೇರೆ ಕಾಯಿಲೆ. ಒಂದೇ ಔಷಧ ಎರಡಕ್ಕೂ ನಾಟುವುದಿಲ್ಲ.

ಕಾಯಿಲೆಯ ಬುಡ ಎಲ್ಲಿದೆ ನೋಡೋಣ. ನಮ್ಮ ಹಳೇ ದಪ್ಪ ಟಿವಿ ಚಿತ್ರವನ್ನು ಒಂದೇ ಏಟಿಗೆ ತೋರಿಸುತ್ತಿರಲಿಲ್ಲ. ಮೇಲಿನಿಂದ ಕೆಳಕ್ಕೆ ಗೆರೆ ಗೆರೆಯಾಗಿ ಎಳೆಯುತ್ತಿತ್ತು, ಅದೂ ಸಾಲು ಬಿಟ್ಟು ಸಾಲು. ಹೊಲದಲ್ಲಿ ಮೊದಲು ಬೆಸ ಸಾಲುಗಳನ್ನು ಬಿತ್ತಿ, ಮತ್ತೆ ಮೇಲಿನಿಂದ ಬಂದು ಸಮ ಸಾಲುಗಳನ್ನು ಬಿತ್ತಿದ ಹಾಗೆ. ನಮ್ಮ ದೇಶದ್ದು ಪಾಲ್ ಪದ್ಧತಿ. ಒಟ್ಟು 625 ಗೆರೆ, ಒಂದೊಂದು ಸರದಿಗೆ ಮುನ್ನೂರ ಹನ್ನೆರಡೂವರೆ, ಸೆಕೆಂಡಿಗೆ 50 ಸರದಿ. ಅಮೆರಿಕ, ಜಪಾನಿನ ಎನ್‌ಟಿಎಸ್‌ಸಿಯಲ್ಲಿ 525 ಗೆರೆ, ಸರದಿಗೆ ಇನ್ನೂರ ಅರವತ್ತೆರಡೂವರೆ, ಸೆಕೆಂಡಿಗೆ ಹತ್ತಿರ ಹತ್ತಿರ 60 ಸರದಿ.

ಆ ‘ಅರ್ಧ ಗೆರೆ’ಯಲ್ಲೇ ಎಲ್ಲ ಇರುವುದು. ಅರ್ಧ ಗೆರೆ ಇರುವುದರಿಂದಲೇ ಎರಡನೇ ಸರದಿ ಮೊದಲನೆಯದರ ನಡುವಿನ ಜಾಗಕ್ಕೆ ಸರಿಯಾಗಿ ಬೀಳುತ್ತದೆ. ಗೇಮ್ ತಯಾರಿಸಿದವರು ಏನು ಮಾಡಿದರು ಗೊತ್ತಾ? ಆ ಅರ್ಧವನ್ನು ಬಿಟ್ಟುಬಿಟ್ಟರು. ಸರದಿಗೆ 262 ಗೆರೆ, ಪಾಲ್‌ನಲ್ಲಾದರೆ 312. ಈಗ ಪ್ರತಿ ಸರದಿಯೂ ಹಿಂದಿನ ಸಾಲುಗಳ ಮೇಲೇ ಬೀಳುತ್ತದೆ, ನಡುವಿನ ಸಾಲು ಯಾವತ್ತೂ ಖಾಲಿ. ಚಿತ್ರ ನಡುಗುವುದಿಲ್ಲ, ಅರ್ಧ ಚಿತ್ರಗಳ ಬದಲು ಸೆಕೆಂಡಿಗೆ 50 ಅಥವಾ 60 ಪೂರ್ತಿ ಚಿತ್ರ ಸಿಗುತ್ತವೆ. ಆ 262ರಲ್ಲಿ ಚಿತ್ರಕ್ಕೆ ಸಿಗುವುದು ಸುಮಾರು 240 ಗೆರೆ, ಇದಕ್ಕೇ 240ಪಿ ಎನ್ನುವುದು. ನಿಮ್ಮ ಕ್ಯಾಸೆಟ್ ಗೇಮು, ಸೆಗಾ, ಸೂಪರ್ ನಿಂಟೆಂಡೊ, ಮೊದಲ ಪ್ಲೇಸ್ಟೇಷನ್ನಿನ ಬಹುಪಾಲು ಗೇಮು, ಎಲ್ಲವೂ ಈ ಉಪಾಯದ ಮೇಲೇ ನಡೆದವು. ಹಳೇ ಟಿವಿಗೆ ಇದೊಂದು ವಿಷಯವೇ ಆಗಿರಲಿಲ್ಲ. ಬಂದ ಗೆರೆಯನ್ನು ಬಂದ ಹಾಗೆ ಎಳೆದು ಕೂತಿರುತ್ತಿತ್ತು.

ಹೊಸ ಟಿವಿಯೊಳಗಿನ ಚಿಪ್‌ಗೆ ಈ ಅರ್ಧ ಗೆರೆಯ ಸಂಗತಿ ಹೆಚ್ಚಾಗಿ ತಿಳಿಯುವುದೇ ಇಲ್ಲ. ಇದು ಮಾಮೂಲಿ 480ಐ ಅಥವಾ 576ಐ ಸಿಗ್ನಲ್, ಅಂದರೆ ಸಾಲು ಬಿಟ್ಟು ಸಾಲು ಎಂದು ಅದು ನಂಬುತ್ತದೆ. ಬೇರೆ ಬೇರೆ ಹೊತ್ತಿನ ಎರಡು ಪೂರ್ತಿ ಚಿತ್ರಗಳನ್ನು ಒಂದೇ ಚಿತ್ರದ ಎರಡು ಅರ್ಧ ಎಂದುಕೊಂಡು ಹೆಣೆಯಲು ಹೋಗುತ್ತದೆ. ಮಾರಿಯೊಗೆ ಏಟು ಬಿದ್ದಾಗ ಮಿಣಮಿಣ ಮಿನುಗುತ್ತಾನೆ ಅಲ್ವಾ? ಅದು ಅವನನ್ನು ಕೆಲವು ಚಿತ್ರಗಳಲ್ಲಿ ತೋರಿಸಿ ಕೆಲವದರಲ್ಲಿ ಅಡಗಿಸುವ ಆಟ. ಟಿವಿ ತಪ್ಪಾಗಿ ಹೆಣೆದಾಗ ಅವನು ಬಾಚಣಿಗೆಯ ಹಲ್ಲಿನ ಹಾಗೆ ಪಟ್ಟೆ ಪಟ್ಟೆಯಾಗುತ್ತಾನೆ, ಕೆಲವೊಮ್ಮೆ ಕಾಣೆಯೇ ಆಗಿಬಿಡುತ್ತಾನೆ. ಈ ಹೆಣಿಗೆಗೆ ಹಿಂದಿನ ಚಿತ್ರಗಳನ್ನು ಕೂಡಿಟ್ಟುಕೊಳ್ಳಬೇಕು. ನಿಮ್ಮ ‘ಒತ್ತಿದ ಮೇಲೆ ಹಾರುತ್ತಾನೆ’ ಎಂಬ ತಡದ ಒಂದು ಪಾಲು ಇಲ್ಲಿಂದ ಬಂದದ್ದು. ಪಾಲ್‌ನಲ್ಲಿ ಒಂದು ಚಿತ್ರಕ್ಕೆ 20 ಮಿಲಿಸೆಕೆಂಡ್. ಮೂರು ಚಿತ್ರ ಹಿಡಿದಿಟ್ಟರೆ 60. ಹಳ್ಳ ದಾಟುವ ಗೇಮಿನಲ್ಲಿ ಅಷ್ಟು ಸಾಕು ಬೀಳುವುದಕ್ಕೆ.

ನೀವು ತರಿಸಿದ ಪೆಟ್ಟಿಗೆಯೂ ಇದೇ ತಪ್ಪು ಮಾಡುತ್ತದೆ. ಅದರ ಮೈಮೇಲೆ 1080ಪಿ ಎಂದು ಬರೆದಿದ್ದರೂ ಅದು ಗೇಮಿಗಾಗಿ ಮಾಡಿದ್ದಲ್ಲ. ಹಳೇ ಡಿವಿಡಿ ಪ್ಲೇಯರಿನಲ್ಲಿ ಮದುವೆ ಡಿಸ್ಕ್ ನೋಡುವವರಿಗೆ ಅದು ಸಾಕು. ಮೇಲಾಗಿ 4:3 ಚಿತ್ರವನ್ನು ಎಳೆದು 16:9ಕ್ಕೆ ತುಂಬಿಸುತ್ತದೆ. ಮಾರಿಯೊ ದಪ್ಪಗಾಗಿದ್ದು ಅದಕ್ಕೇ, ಸರಿಯಾಗಿ ಮೂರನೇ ಒಂದು ಪಾಲು ಜಾಸ್ತಿ ಅಗಲ. ಟಿವಿಯ ಪಿಕ್ಚರ್ ಸೈಜ್‌ನಲ್ಲಿ 4:3 ಆರಿಸಿ. 55 ಇಂಚಿನ ಪರದೆಯಲ್ಲಿ ಚಿತ್ರ ಸುಮಾರು 91 ಸೆಂ.ಮೀ. ಅಗಲ ಇರುತ್ತದೆ, ಒಂದೊಂದು ಪಕ್ಕ ಸುಮಾರು 15 ಸೆಂ.ಮೀ. ಕಪ್ಪು ಉಳಿಯುತ್ತದೆ. ಆ ಕಪ್ಪನ್ನು ನೋಡಿ ‘ಜಾಗ ಸುಮ್ನೆ ಹಾಳು’ ಅನ್ನಬೇಡಿ, ಚಿತ್ರ ಇರಬೇಕಾದ್ದೇ ಹಾಗೆ. ಆ ಪೆಟ್ಟಿಗೆಗೆ ಕರೆಂಟನ್ನು ಟಿವಿಯ ಯುಎಸ್‌ಬಿಯಿಂದ ಕೊಟ್ಟಿದ್ದರೆ ತೆಗೆದು ಒಳ್ಳೆಯ ಮೊಬೈಲ್ ಚಾರ್ಜರಿಗೆ ಹಾಕಿ ನೋಡಿ. ಚಿತ್ರದಲ್ಲಿ ಓಡಾಡುವ ಗೆರೆಗಳು ಎಷ್ಟೋ ಸಲ ಅಲ್ಲಿಗೇ ನಿಲ್ಲುತ್ತವೆ. ಆಮೇಲೆ ಟಿವಿಯಲ್ಲಿ ಗೇಮ್ ಮೋಡ್ ಹಾಕಿ, ಶಾರ್ಪ್‌ನೆಸ್ ತಗ್ಗಿಸಿ, ನಾಯ್ಸ್ ರಿಡಕ್ಷನ್ ಆಫ್ ಮಾಡಿ. ಇಷ್ಟಕ್ಕೆಲ್ಲ ಒಂದು ರೂಪಾಯಿ ಖರ್ಚಿಲ್ಲ.

ಇನ್ನು ಮಸುಕಿನ ವಿಷಯ. ಇದು ಪೆಟ್ಟಿಗೆಯ ತಪ್ಪಿಗಿಂತ ಹಳದಿ ವೈರಿನ ತಪ್ಪು. ಹಳದಿ ವೈರಿನಲ್ಲಿ ಬೆಳಕು ಎಷ್ಟು, ಬಣ್ಣ ಯಾವುದು ಎನ್ನುವ ಎರಡೂ ಸುದ್ದಿ ಕಲಸಿಕೊಂಡು ಬರುತ್ತವೆ. ಒಮ್ಮೆ ಕಲಸಿದ ಮೇಲೆ ಯಾರೂ ಪೂರ್ತಿ ಬಿಡಿಸಲಾರರು. ಕೆಂಪು ಗೋಡೆಯ ಅಂಚಿನಲ್ಲಿ ಇರುವೆ ಸಾಲು ಹರಿದಂತೆ ಚುಕ್ಕಿಗಳು ಓಡಾಡುವುದು ಅದಕ್ಕೇ. ನಾನೂ ಮೊದಲ ಸಲ ಒಂದು ದುಬಾರಿ ಅಪ್‌ಸ್ಕೇಲರ್ ತರಿಸಿ, ಸಂಭ್ರಮದಲ್ಲಿ ಅದೇ ಹಳದಿ ವೈರನ್ನು ಚುಚ್ಚಿ ಕೂತವನು. ಇರುವೆಗಳು ಇನ್ನೂ ಸ್ಪಷ್ಟವಾಗಿ ಕಂಡವು, ಅಷ್ಟೇ. ಹಾಲಿಗೆ ನೀರು ಬೆರೆಸಿದ್ದರೆ ಎಷ್ಟು ಕಾಯಿಸಿದರೂ ಕೆನೆ ಕಟ್ಟುವುದಿಲ್ಲ. ಮೊದಲು ಯಂತ್ರದಿಂದ ಹೊರಬರುವ ಸಿಗ್ನಲ್ ಚೆನ್ನಾಗಿರಬೇಕು. ಅದನ್ನು ದೊಡ್ಡದು ಮಾಡುವ ಮಾತು ಆಮೇಲೆ.

ಈ ಲೆಕ್ಕದಲ್ಲಿ ಪಿಎಸ್2ಗೆ ಒಳ್ಳೆಯ ದಾರಿ ಇದೆ. ಅದಕ್ಕೆ ಬೆಳಕನ್ನೂ ಬಣ್ಣವನ್ನೂ ಬೇರೆ ಬೇರೆ ವೈರಿನಲ್ಲಿ ತರುವ ಕಾಂಪೊನೆಂಟ್ ಕೇಬಲ್ ಸಿಗುತ್ತದೆ. ಐದು ಪಿನ್ನು: ಚಿತ್ರಕ್ಕೆ ಹಸಿರು, ನೀಲಿ, ಕೆಂಪು, ಧ್ವನಿಗೆ ಕೆಂಪು, ಬಿಳಿ. ಕೆಂಪು ಎರಡಿವೆ, ಅದಲು ಬದಲು ಮಾಡಬೇಡಿ. ಹಾಕುವ ಮೊದಲು ಒಂದು ಕೆಲಸ ಇದೆ, ಎಲ್ಲರೂ ಮರೆಯುವುದು ಇದನ್ನೇ. ಹಳದಿ ವೈರ್ ಇರುವಾಗಲೇ ಡಿಸ್ಕ್ ಹಾಕದೆ ಪಿಎಸ್2 ಆನ್ ಮಾಡಿ, ಸಿಸ್ಟಮ್ ಕಾನ್ಫಿಗರೇಶನ್‌ಗೆ ಹೋಗಿ, ಕಾಂಪೊನೆಂಟ್ ವಿಡಿಯೊ ಔಟ್ ಎನ್ನುವಲ್ಲಿ ‘ಆರ್‌ಜಿಬಿ’ ಇದ್ದರೆ ಅದನ್ನು ‘ವೈ’ ಅಕ್ಷರದಿಂದ ಶುರುವಾಗುವ ಇನ್ನೊಂದು ಆಯ್ಕೆಗೆ ಬದಲಿಸಿ. ಹೀಗೆ ಮಾಡದೆ ಕೇಬಲ್ ಬದಲಿಸಿದರೆ ಬಣ್ಣ ಕೆಟ್ಟು, ಹಸಿರೋ ನೇರಳೆಯೋ ಬಳಿದಂತೆ ಚಿತ್ರ ಬರುತ್ತದೆ. ‘ಕೇಬಲ್ ಡೂಪ್ಲಿಕೇಟ್ ಸರ್’ ಎಂದು ವಾಪಸ್ ಕಳಿಸಿದವರನ್ನು ನೋಡಿದ್ದೇನೆ. ಕೇಬಲ್ ಚೆನ್ನಾಗೇ ಇತ್ತು.

ನಿಮ್ಮ ಟಿವಿಯಲ್ಲಿ ಕಾಂಪೊನೆಂಟ್ ತೂತೂ ಇರಲಿಕ್ಕಿಲ್ಲ. ಆದ್ದರಿಂದ ಮೊದಲ ಹೆಜ್ಜೆಯಾಗಿ, ಪಿಎಸ್2 ಹಿಂದಕ್ಕೇ ಚುಚ್ಚುವ ‘ಪಿಎಸ್2 ಟು ಎಚ್‌ಡಿಎಂಐ’ ಎಂಬ ಹೆಬ್ಬೆರಳಿನಷ್ಟು ಅಡಾಪ್ಟರ್ ನೋಡಿ. ಕೆಲವು ನೂರು ರೂಪಾಯಿಯ ಮಾಲು. ಇದು ಏನನ್ನೂ ಅಪ್‌ಸ್ಕೇಲ್ ಮಾಡುವುದಿಲ್ಲ. ಒಳಗಿನ ಕಾಂಪೊನೆಂಟ್ ಸಿಗ್ನಲನ್ನು ಇದ್ದ ಹಾಗೆ ಡಿಜಿಟಲ್ ಮಾಡಿ ಟಿವಿಗೆ ಕೊಡುತ್ತದೆ, ಅಷ್ಟೇ. ಮೇಲೆ ಹೇಳಿದ ‘ವೈ’ ಸೆಟ್ಟಿಂಗ್ ಇದಕ್ಕೂ ಬೇಕು. ಹಳದಿ ವೈರಿನಿಂದ ಇದಕ್ಕೆ ಬಂದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಅಕ್ಷರ ಓದಲು ಬರುತ್ತದೆ, ಕೆಂಪು ಕೆಂಪಾಗಿಯೇ ಇರುತ್ತದೆ. ಪಿಎಸ್2 ಗೇಮುಗಳು ಬಹುತೇಕ ನಿಜವಾಗಿಯೂ 480ಐ ಅಥವಾ 576ಐ. ಹಾಗಾಗಿ ಟಿವಿಯ ಹೆಣಿಗೆ ಇಲ್ಲಿ ತಪ್ಪು ಕೆಲಸವಲ್ಲ, ಬೇಕಾದ ಕೆಲಸವೇ. ಆದರೆ ಪಿಎಸ್2ನಲ್ಲಿ ಮೊದಲ ಪ್ಲೇಸ್ಟೇಷನ್ನಿನ ಡಿಸ್ಕ್ ಹಾಕಿದರೆ ಮತ್ತೆ 240ಪಿ ಬರುತ್ತದೆ, ಕೆಲವು ಟಿವಿಗಳು ಅದನ್ನು ಎಚ್‌ಡಿಎಂಐನಲ್ಲಿ ಒಪ್ಪದೆ ಕಪ್ಪು ಪರದೆ ತೋರಿಸುತ್ತವೆ. ಯಂತ್ರ ಕೆಟ್ಟಿತು ಎಂದುಕೊಳ್ಳಬೇಡಿ.

ಕೆಲವು ಪಿಎಸ್2 ಗೇಮುಗಳಲ್ಲಿ 480ಪಿ, ಅಂದರೆ ಸಾಲು ಬಿಡದೆ ಪೂರ್ತಿ ಚಿತ್ರ ಕಳಿಸುವ ಆಯ್ಕೆ ಇದೆ. ಕೆಲವದರಲ್ಲಿ ಅದು ಆಪ್ಷನ್ಸ್ ಒಳಗೆ, ಕೆಲವದರಲ್ಲಿ ಗೇಮ್ ಶುರುವಾಗುವಾಗ ತ್ರಿಕೋನ ಮತ್ತು ಇಂಟು ಬಟನ್ ಒಟ್ಟಿಗೆ ಹಿಡಿದರೆ ಬರುತ್ತದೆ. ಇದ್ದರೆ ಹಾಕಿಕೊಳ್ಳಿ, ಹೆಣಿಗೆಯ ಕಾಟವೇ ತಪ್ಪುತ್ತದೆ. ಬೇಸರದ ವಿಷಯ, ಪಾಲ್ ಆವೃತ್ತಿ ಮಾಡುವಾಗ ಇದನ್ನು ತೆಗೆದುಹಾಕಿದ್ದೂ ಉಂಟು. ಗ್ರಾನ್ ಟುರಿಸ್ಮೊ 4 ಅಮೆರಿಕದ ಡಿಸ್ಕಿನಲ್ಲಿ 480ಪಿ, 1080ಐ ಎರಡೂ ಇವೆ, ಪಾಲ್ ಡಿಸ್ಕಿನಲ್ಲಿ ಇಲ್ಲ.

ಈಗ ನಿಮ್ಮ ಗೆಳೆಯ ಹೇಳಿದ ಅಪ್‌ಸ್ಕೇಲರ್‌ಗಳ ಬಗ್ಗೆ. ಒಂದು ಕಾಲಕ್ಕೆ ಎಲ್ಲರೂ ಹೊಗಳುತ್ತಿದ್ದದ್ದು ಜಪಾನಿನ ಮೈಕಾಮ್‌ಸಾಫ್ಟ್‌ನ ಫ್ರೇಮ್‌ಮೈಸ್ಟರ್. ಈಗ ತಯಾರಿಕೆ ನಿಂತಿದೆ. ಗೇಮು 240ಪಿಯಿಂದ 480ಐಗೆ ಜಿಗಿದಾಗ ಕೆಲವು ಸೆಕೆಂಡು ಕಪ್ಪಾಗಿ ಕೂರುವುದು ಅದರ ದೊಡ್ಡ ಕುಂದು. ಹಳೇದು ಸಿಕ್ಕಿತೆಂದು ದುಡ್ಡು ಸುರಿಯಬೇಡಿ.

ಓಎಸ್‌ಎಸ್‌ಸಿ ಬೇರೆ ಜಾತಿಯದು. ಫಿನ್ಲೆಂಡಿನ ಮಾರ್ಕುಸ್ ಹೀಯೆಂಕಾರಿ ವಿನ್ಯಾಸ ಮಾಡಿ ಎಲ್ಲರಿಗೂ ಮುಕ್ತವಾಗಿ ಬಿಟ್ಟದ್ದು. ಅದು ಚಿತ್ರವನ್ನು ಕೂಡಿಟ್ಟುಕೊಳ್ಳುವುದೇ ಇಲ್ಲ. ಬಂದ ಗೆರೆಯನ್ನು ನಿಂತ ಕಾಲಲ್ಲಿ ಎರಡು, ಮೂರು, ಐದು ಸಲದವರೆಗೆ ಪುನರಾವರ್ತಿಸಿ ಕಳಿಸಿಬಿಡುತ್ತದೆ. ಹಾಗಾಗಿ ತಡ ಎನ್ನುವುದು ಇಲ್ಲವೇ ಇಲ್ಲ ಎನ್ನಬಹುದು. 240ಪಿಗೆ ಬಹಳ ಚೆನ್ನಾಗಿದೆ. ಆದರೆ ನಿಮಗೆ ಎರಡು ಕಡೆ ಕೈಕೊಡುತ್ತದೆ. ಅದಕ್ಕೆ ಹಳದಿ ವೈರ್ ಹಾಕುವ ಜಾಗ ಇಲ್ಲ, ಆದ್ದರಿಂದ ಕ್ಯಾಸೆಟ್ ಗೇಮಿಗೆ ಆಗುವುದಿಲ್ಲ. 480ಐಯನ್ನು ಅದು ಸರಿಯಾಗಿ ಹೆಣೆಯುವುದಿಲ್ಲ, ಅರ್ಧರ್ಧವನ್ನೇ ಮೇಲೆ ಕೆಳಗೆ ಕುಣಿಸುತ್ತದೆ, ಆದ್ದರಿಂದ ಪಿಎಸ್2 ಚಿತ್ರ ನಡುಗುತ್ತದೆ.

ನಿಮ್ಮ ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಸುಧಾರಿಸುವುದು ಮೈಕ್ ಚೀ ಅವರ ರೆಟ್ರೊಟಿಂಕ್ 5ಎಕ್ಸ್ ಪ್ರೊ. 2021ರಲ್ಲಿ ಬಂತು. ಹಳದಿ ವೈರ್, ಎಸ್-ವಿಡಿಯೊ, ಕಾಂಪೊನೆಂಟ್, ಯುರೋಪಿನ ಸ್ಕಾರ್ಟ್, ನಾಲ್ಕೂ ಹಿಡಿಯುತ್ತದೆ. 240ಪಿಯನ್ನು 240ಪಿ ಎಂದೇ ಗುರುತಿಸುತ್ತದೆ. 480ಐ ಬಂದರೆ ಅಲುಗದ ಜಾಗವನ್ನು ಹೆಣೆದು, ಅಲುಗುವ ಜಾಗವನ್ನು ಬೇರೆ ರೀತಿ ತುಂಬಿಸಿ ಬುದ್ಧಿವಂತಿಕೆಯಿಂದ ಕೆಲಸ ಮಾಡುತ್ತದೆ. ಬಂದಾಗ ಬೆಲೆ 300 ಡಾಲರಿನ ಆಸುಪಾಸು ಇತ್ತು, ಮೇಲೆ ಸಾಗಣೆ, ಕಸ್ಟಮ್ಸ್. 2023ರ ಕೊನೆಗೆ ಬಂದ ಅವರದೇ ರೆಟ್ರೊಟಿಂಕ್ 4ಕೆಗೆ ಆಗ 750 ಡಾಲರ್ ಇತ್ತು. ನಿಮ್ಮದು 4ಕೆ ಟಿವಿ ಎಂದು ಗೆಳೆಯ ಅದನ್ನೇ ತೋರಿಸಿರಬಹುದು. ಲೆಕ್ಕದಲ್ಲಿ ಗೆಳೆಯನ ಮಾತು ಸರಿ. 240ನ್ನು 9ರಿಂದ ಗುಣಿಸಿದರೆ ಸರಿಯಾಗಿ 2160, ಅಂದರೆ 4ಕೆ ಟಿವಿಯ ಗೆರೆಗಳು. 1080ಕ್ಕೆ ತುಂಬಿಸಬೇಕೆಂದರೆ ನಾಲ್ಕೂವರೆಯಿಂದ ಗುಣಿಸಬೇಕು. ಒಂದು ಗೆರೆ ನಾಲ್ಕಾಗಿ, ಪಕ್ಕದ್ದು ಐದಾಗಿ, ಚಿತ್ರ ಸರಿದಾಗ ನೀರಿನ ಮೇಲಿನ ನೆರಳಿನಂತೆ ಅಲೆಯಾಡುತ್ತದೆ. ಆದರೆ ಇದಕ್ಕೆ ಸುಲಭದ ಪರಿಹಾರ ಇದೆ. ನಾಲ್ಕರಿಂದ ಗುಣಿಸಿ 960 ಮಾಡಿ, ಮೇಲೆ ಕೆಳಗೆ 60-60 ಗೆರೆ ಕಪ್ಪು ಬಿಟ್ಟರಾಯಿತು. ಆ ಕಪ್ಪು ಪಟ್ಟಿಗಾಗಿ ಇನ್ನೊಂದು 450 ಡಾಲರ್ ಕೊಡಿ ಎಂದು ನಾನು ಹೇಳಲಾರೆ.

ಬೆಸುಗೆ ಹಾಕಲು ಬರುತ್ತದಾ? ಹಾಗಾದರೆ ಕೆಲವು ಸಾವಿರದಲ್ಲಿ ಮುಗಿಯುವ ದಾರಿಯೂ ಇದೆ. ಜಿಬಿಎಸ್-8200 ಎಂಬ ಹಸಿರು ಬೋರ್ಡು, ಹಿಂದೆ ಆರ್ಕೇಡ್ ಯಂತ್ರಗಳಿಗೆ ಕಂಪ್ಯೂಟರ್ ಮಾನಿಟರ್ ಜೋಡಿಸಲು ಮಾಡಿದ್ದು. ಅದರ ಸ್ವಂತ ಸಾಫ್ಟ್‌ವೇರ್ ಪ್ರಯೋಜನವಿಲ್ಲ. ಅದಕ್ಕೊಂದು ಇಎಸ್‌ಪಿ8266 ವೈಫೈ ಬೋರ್ಡನ್ನು ನಾಲ್ಕಾರು ವೈರಿನಿಂದ ಬೆಸೆದು ಜಿಬಿಎಸ್-ಕಂಟ್ರೋಲ್ ಎಂಬ ಉಚಿತ ಸಾಫ್ಟ್‌ವೇರ್ ತುಂಬಿದರೆ ಬೋರ್ಡಿಗೆ ಹೊಸ ಜನ್ಮ. 240ಪಿಯನ್ನೂ ಗುರುತಿಸುತ್ತದೆ, 480ಐಯನ್ನೂ ಹೆಣೆಯುತ್ತದೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ವೈಫೈ ಬೋರ್ಡು ಧಾರಾಳ ಸಿಗುತ್ತದೆ. ಹೊರಗೆ ಬರುವುದು ವಿಜಿಎ, ಹಾಗಾಗಿ ಎಚ್‌ಡಿಎಂಐಗೆ ತಿರುಗಿಸಲು ಇನ್ನೊಂದು ಅಡಾಪ್ಟರ್ ಬೇಕು. ಇದೂ ಹಳದಿ ವೈರ್ ಹಿಡಿಯುವುದಿಲ್ಲ, ಪಿಎಸ್2ಗೆ ಮಾತ್ರ. ಒಂದು ಭಾನುವಾರ ಹೋಗುತ್ತದೆ, ಹೆಂಡತಿ ಬೈಯ್ಯುತ್ತಾಳೆ, ಆದರೆ ಫಲ ಚೆನ್ನಾಗಿದೆ.

ಕ್ಯಾಸೆಟ್ ಗೇಮಿನ ಬಗ್ಗೆ ಜಾಸ್ತಿ ಆಸೆ ಹುಟ್ಟಿಸಲಾರೆ. ನಮ್ಮಲ್ಲಿಗೆ ಬಂದ ಇಂಥವು ಹೆಚ್ಚಾಗಿ ನಿಂಟೆಂಡೊ ಫ್ಯಾಮಿಕಾಮ್‌ನ ನಕಲು. ಅಸಲಿ ಯಂತ್ರದ ಚಿತ್ರದ ಚಿಪ್ಪೇ ಬೆಳಕು, ಬಣ್ಣ ಕಲಸಿದ ಸಿಗ್ನಲನ್ನು ಹೊರಗೆ ಬಿಡುತ್ತದೆ. ಬಿಡಿಯಾದ ಬಣ್ಣ ಒಳಗೂ ಸಿಗುವುದಿಲ್ಲ. ನಕಲಿಯ ಮುಚ್ಚಳ ಬಿಚ್ಚಿದರೆ ದೊಡ್ಡ ಡಬ್ಬದೊಳಗೆ ಅಂಗೈಯಗಲದ ಬೋರ್ಡು, ಅದರ ಮೇಲೆ ಕಪ್ಪು ಡಾಂಬರು ಹನಿಸಿದಂತೆ ಒಂದು ಗುಡ್ಡೆ. ಇಡೀ ಯಂತ್ರ ಆ ಗುಡ್ಡೆಯ ಕೆಳಗಿದೆ. ಆಕಾಶದ ನೀಲಿ ಸ್ವಲ್ಪ ಬೇರೆ, ಹಾಡು ಸ್ವಲ್ಪ ಅಪಸ್ವರ ಅನ್ನಿಸಿದರೆ ಅದು ಟಿವಿಯ ದೋಷವಲ್ಲ, ಗುಡ್ಡೆಯ ಗುಣ. 5ಎಕ್ಸ್ ಅಥವಾ ಅದಕ್ಕಿಂತ ಬಹಳ ಅಗ್ಗದ ರೆಟ್ರೊಟಿಂಕ್ 2ಎಕ್ಸ್ ಮಿನಿ ಹಾಕಿದರೆ ತಡ ಹೋಗುತ್ತದೆ, ಮಿನುಗುವ ಮಾರಿಯೊ ಮಿನುಗುತ್ತಾನೆ. ಇರುವೆಗಳು ಮಾತ್ರ ಉಳಿಯುತ್ತವೆ.

ತಡ ನಿಜಕ್ಕೂ ಎಷ್ಟಿದೆ ಎಂದು ಮನೆಯಲ್ಲೇ ಅಳೆಯಬಹುದು. ಮೊಬೈಲಿನ ಸ್ಲೋ ಮೋಷನ್ ಸೆಕೆಂಡಿಗೆ 240 ಫ್ರೇಮಿಗಿಡಿ. ಕೈಯಲ್ಲಿನ ಬಟನ್ನೂ ಪರದೆಯೂ ಒಟ್ಟಿಗೆ ಕಾಣುವ ಹಾಗೆ ಹಿಡಿದು, ಹತ್ತು ಸಲ ಹಾರಿಸಿ. ಆಮೇಲೆ ಬೆರಳು ಒತ್ತಿದ ಫ್ರೇಮಿನಿಂದ ಮಾರಿಯೊ ಕಾಲೆತ್ತಿದ ಫ್ರೇಮಿನವರೆಗೆ ಎಣಿಸಿ, ಒಂದಕ್ಕೆ ಸುಮಾರು 4 ಮಿಲಿಸೆಕೆಂಡ್. ಗೇಮಿನದ್ದೇ ಸ್ವಲ್ಪ ತಡ ಇರುತ್ತದೆ, ಅದನ್ನು ಯಾರೂ ತೆಗೆಯಲಾರರು. ಗೇಮ್ ಮೋಡ್ ಇದ್ದಾಗ, ಇಲ್ಲದಾಗ ಎರಡು ಸಲ ಅಳೆದು ಹೋಲಿಸಿ. ವ್ಯತ್ಯಾಸ ನೋಡಿದ ಮೇಲೆ ಎಷ್ಟೋ ಜನ ಅಪ್‌ಸ್ಕೇಲರ್ ಆಸೆ ಬಿಟ್ಟಿದ್ದಾರೆ.

ಗನ್ನಿಗೆ ಮಾತ್ರ ಯಾವ ಪೆಟ್ಟಿಗೆಯೂ ಜೀವ ಕೊಡುವುದಿಲ್ಲ. ಗನ್ನು ಗುಂಡು ಹಾರಿಸುವುದಿಲ್ಲ, ಅದು ನೋಡುತ್ತದೆ. ಕುದುರೆ ಎಳೆದ ಕೂಡಲೇ ಗೇಮು ಪರದೆಯನ್ನು ಒಂದು ಕ್ಷಣ ಕಪ್ಪು ಮಾಡಿ, ಬಾತುಕೋಳಿ ಇದ್ದ ಕಡೆ ಬಿಳಿ ಚೌಕ ತೋರಿಸುತ್ತದೆ. ಗನ್ನಿನ ಕಣ್ಣಿಗೆ ಆ ಬಿಳಿ ಅದೇ ಕ್ಷಣದಲ್ಲಿ ಕಂಡರೆ ಏಟು ಬಿತ್ತು. ಆ ಕಣ್ಣು ಕೂಡ ಯಾವುದೋ ಬೆಳಕಿಗೆ ಬಗ್ಗುವುದಿಲ್ಲ. ಸೆಕೆಂಡಿಗೆ 15 ಸಾವಿರದಷ್ಟು ಗೆರೆ ಎಳೆಯುವ ಹಳೇ ಟಿವಿಯ ಮಿಡಿತಕ್ಕೆ ಹೊಂದಿಸಿದ ಕಣ್ಣು ಅದು. ಎಲ್‌ಇಡಿ ಪರದೆಯಲ್ಲಿ ಆ ಮಿಡಿತ ಇಲ್ಲ, ಬಿಳಿ ಚೌಕವೂ ತಡವಾಗಿ ಬರುತ್ತದೆ.

ಅದಕ್ಕೇ ನಿಮ್ಮ ದುಡ್ಡು ನನ್ನ ಕೈಯಲ್ಲಿದ್ದರೆ ಹೀಗೆ ಮಾಡುತ್ತಿದ್ದೆ. ಪಿಎಸ್2ಗೆ ಆ ಕೆಲವು ನೂರರ ಅಡಾಪ್ಟರ್ ಹಾಕಿ ಒಂದು ತಿಂಗಳು ಆಡುತ್ತಿದ್ದೆ. ಆಮೇಲೂ ಆಡುವ ಚಟ ಉಳಿದಿದ್ದರೆ, ನಡುಗುವುದು, ತಡ ಇವು ಕಾಡುತ್ತಿದ್ದರೆ, ಆಗ 5ಎಕ್ಸ್ ವಿಚಾರ. ಕ್ಯಾಸೆಟ್ ಗೇಮಿಗೆ ನೆಂಟರ ಮನೆಯಲ್ಲಿ, ಊರಿನ ಅಟ್ಟದಲ್ಲಿ ಇನ್ನೂ ಒಂದು ದಪ್ಪ ಟಿವಿ ಉಳಿದಿದೆಯಾ ಎಂದು ಕೇಳುತ್ತಿದ್ದೆ. ಗುಜರಿಗೆ ಹಾಕುವ ಮೊದಲು ಒಂದು ಫೋನ್ ಮಾಡಿ ಎಂದು ಎಲ್ಲರಿಗೂ ಹೇಳಿಟ್ಟಿರಿ. 14 ಇಂಚಿನದ್ದಾದರೂ ಸಾಕು. ಮುಂದೆ ‘100 ಹರ್ಟ್ಸ್’ ಎಂದು ಬರೆದಿರುವುದು ಬೇಡ, ಅದರಲ್ಲಿ ಗನ್ ಕೆಲಸ ಮಾಡುವುದಿಲ್ಲ. ಎತ್ತುವಾಗ ಗಾಜಿನ ಮುಖ ಎದೆಯ ಕಡೆ ಇರಲಿ, ಭಾರವೆಲ್ಲ ಅಲ್ಲೇ. ಹಿಂದಿನ ಮುಚ್ಚಳ ಮಾತ್ರ ಬಿಚ್ಚಬೇಡಿ, ಪ್ಲಗ್ ತೆಗೆದ ಎಷ್ಟೋ ಹೊತ್ತಿನ ಮೇಲೂ ಒಳಗೆ ಹೊಡೆಯುವಷ್ಟು ಕರೆಂಟ್ ಉಳಿದಿರುತ್ತದೆ.

ನೀವು ಕೇಳದ ಇನ್ನೊಂದು ಮಾತು. ಅಟ್ಟದಲ್ಲಿ ಗೇಮಿನ ಜೊತೆ ಅಡಾಪ್ಟರ್ ಸಿಕ್ಕಿದೆಯಾ, ಅಥವಾ ಯಾವುದೋ ರೌಟರಿನದ್ದು ಹಾಕಿದ್ದೀರಾ? ಫ್ಯಾಮಿಕಾಮ್‌ನ ಪಿನ್ನಿನಲ್ಲಿ ಒಳಗೆ ಮೈನಸ್, ಹೊರಗೆ ಪ್ಲಸ್. ರೌಟರಿನವು ಸಾಮಾನ್ಯವಾಗಿ ಅದಕ್ಕೆ ಉಲ್ಟಾ. ನಕಲಿಗಳಲ್ಲಿ ಎರಡೂ ಥರ ಇರಬಹುದು, ಮೈಮೇಲಿನ ಚಿಹ್ನೆ ನೋಡಿಕೊಂಡೇ ಹಾಕಿ. ಜಪಾನಿನಿಂದ ಬಂದ ಒಂದು ಸೂಪರ್ ಫ್ಯಾಮಿಕಾಮ್‌ನ 100 ವೋಲ್ಟಿನ ಅಡಾಪ್ಟರನ್ನು ನಾನು ನೋಡದೆ ನಮ್ಮ 230ಕ್ಕೆ ಚುಚ್ಚಿದ್ದೆ. ಎರಡು ದಿನ ಕೋಣೆಯಲ್ಲಿ ಸುಟ್ಟ ವಾಸನೆ.